ಬಾಲಂಗೋಚಿಯ ಕಣ್ಣುಪಟ್ಟಿ

ಮೊದಲು ಕೈಕೊಟ್ಟದ್ದು ಕತ್ತರಿ. ತಪ್ಪು ನನ್ನ ಕೈಯದ್ದು ಎಂದು ಆಗ ತಿಳಿಯಲಿಲ್ಲ. ಕತ್ತರಿಯೇ ಮೊಂಡಾಗಿದೆ ಎಂದುಕೊಂಡು ಹೊಸದೊಂದು ತಂದೆ.

ವಡೋದರಾದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಒಂದು ಖಾಲಿ ಕೋಣೆಯಿತ್ತು. ಶನಿವಾರ ಸಂಜೆ ಐದರಿಂದ ಏಳರವರೆಗೆ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮೈಮೇಲೆ ತೊಡುವಂಥವನ್ನು ಮಾಡುತ್ತಿದ್ದೆ. ಸೇಬುಹಣ್ಣಿನ ಟ್ರೇಯಿಂದ ಮೊಸಳೆಯ ಮೂತಿ, ಅಪ್ಪಂದಿರ ಹಳೆಯ ಟೈಗಳಿಂದ ಬಾಲ, ಬಾಟಲಿಯ ಮುಚ್ಚಳಗಳಿಂದ ಪದಕ, ದರ್ಜಿಯ ಅಂಗಡಿಯ ಚಿಂದಿಯಿಂದ ಋಷಿಯ ಜಟೆ. ಮಾಡಿದ್ದನ್ನು ತೊಟ್ಟುಕೊಂಡೇ ಮನೆಗೆ ಹೋಗಬೇಕು, ಲಿಫ್ಟಿನಲ್ಲಿ ಸಿಕ್ಕವರಿಗೆ ತಾನು ಯಾರೆಂದು ಗಂಭೀರವಾಗಿ ಹೇಳಬೇಕು. ಕ್ಲಾಸಿಗೆ ಇದ್ದ ನಿಯಮ ಅದೊಂದೇ.

ನಾನು ಧಾರವಾಡದವಳು. ಗಂಡ ಪ್ರಹ್ಲಾದರ ಬ್ಯಾಂಕಿನ ವರ್ಗಾವಣೆಗಳ ಬೆನ್ನು ಹಿಡಿದು ಬಂದು ಒಂಬತ್ತು ವರ್ಷವಾಗಿದ್ದರೂ ಗುಜರಾತಿ ನನ್ನ ಬಾಯಲ್ಲಿ ಸರಿಯಾಗಿ ಕೂತಿರಲಿಲ್ಲ. ಆ ವರ್ಷ ಅವರಿಗೆ ಸೂರತ್‌ಗೆ ವರ್ಗವಾಯಿತು. ಮಗಳು ಮೇಘಾ ಹತ್ತನೇ ಇಯತ್ತೆಯಲ್ಲಿದ್ದಳು. ಹಾಗಾಗಿ ನಾವಿಬ್ಬರೂ ಇಲ್ಲೇ ಉಳಿದೆವು, ಅವರು ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಮೇಘಾಳದ್ದು ಶಾಲೆ, ಟ್ಯೂಷನ್, ಬಾಗಿಲು ಮುಚ್ಚಿದ ಕೋಣೆ. ಮಕ್ಕಳ ಆ ಎರಡು ಗಂಟೆ ಬಿಟ್ಟರೆ ವಾರದಲ್ಲಿ ನಾನು ಮಾತಾಡುತ್ತಿದ್ದದ್ದು ತರಕಾರಿಯವನ ಜತೆ ಮತ್ತು ಫೋನಿನಲ್ಲಿ ಧಾರವಾಡದ ಅಕ್ಕನ ಜತೆ.

ನವರಾತ್ರಿಗೆ ಮುಂಚಿನ ಶನಿವಾರ ಹಳೆಯ ಘಾಗ್ರಾಗಳ ಕನ್ನಡಿಕಸೂತಿಯ ತುಂಡುಗಳಿಂದ ಸೊಂಟಪಟ್ಟಿ ಮಾಡುತ್ತಿದ್ದೆವು. ಹತ್ತು ಹನ್ನೆರಡು ಸಲ ಕತ್ತರಿಸಿದ ಮೇಲೆ ನನ್ನ ಬೆರಳುಗಳು ಕತ್ತರಿಯನ್ನು ಮುಚ್ಚಲಿಲ್ಲ. ನೋವಿಲ್ಲ, ಜೋಮಿಲ್ಲ. ಬೆರಳಿಗೆ ನಾನು ಹೇಳುತ್ತಿದ್ದೇನೆ, ಅದು ಕೇಳುತ್ತಿಲ್ಲ, ಅಷ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮತ್ತೆ ಕೇಳುತ್ತಿತ್ತು. ಆಗ ಎದುರಿಗೆ ಕೂತಿದ್ದ ಧ್ವನಿ ಎಂಬ ಎಂಟು ವರ್ಷದ ಹುಡುಗಿ ನನ್ನ ಮುಖವನ್ನೇ ನೋಡುತ್ತಾ, "ಟೀಚರ್, ತಮಾರಿ ಏಕ್ ಆಂಖ್ ಸೂಯಿ ಗಯಿ," ಎಂದಳು. ನನ್ನ ಒಂದು ಕಣ್ಣು ನಿದ್ದೆ ಹೋಗಿದೆಯಂತೆ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಮೇಲೆ ಬಂದು ಕನ್ನಡಿ ನೋಡಿದೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಬೆರಳಿನಿಂದ ಎತ್ತಿದೆ, ಬಿಟ್ಟ ಕೂಡಲೇ ಇಳಿಯಿತು.

ಬೆಳಿಗ್ಗೆ ಎದ್ದಾಗ ಎಲ್ಲ ಸರಿಯಾಗಿತ್ತು. ಈ ಕಾಯಿಲೆಯ ಕ್ರೌರ್ಯ ಇರುವುದೇ ಅಲ್ಲಿ. ಸಂಜೆ ಬಿದ್ದ ರೆಪ್ಪೆ ಬೆಳಿಗ್ಗೆ ಎದ್ದಿರುತ್ತದೆ. ಕಣ್ಣಿನ ಡಾಕ್ಟರು ನೋಡುವುದು ಬೆಳಿಗ್ಗೆ ಹತ್ತಕ್ಕೆ. ಅವರು ದೀಪ ಹಾಕಿ, ಅಕ್ಷರ ಓದಿಸಿ, ಕಣ್ಣು ಚೆನ್ನಾಗಿದೆ ಎಂದರು. ನಮ್ಮ ಮನೆಯ ಡಾಕ್ಟರಿಗೆ ಕತ್ತರಿಯ ಕಥೆ ಹೇಳಿದೆ. "ಗಂಡ ಊರಲ್ಲಿರೋದಿಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ಅವರಿಗೆ ಅಷ್ಟು ಸಾಕಾಯಿತು. ಮನಸ್ಸು ಹಗುರವಾಗಲು ಒಂದು ಗುಳಿಗೆ ಬರೆದುಕೊಟ್ಟು, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು. ಹವ್ಯಾಸದಲ್ಲೇ ಹೀಗಾಗುತ್ತಿದೆ ಎಂದು ಹೇಳಲು ಹೋದೆ. ಆಗಲೇ ಅವರು ಬೆಲ್ಲು ಒತ್ತಿದ್ದರು.

ಡಿಸೆಂಬರಿನ ಹೊತ್ತಿಗೆ ಮಾತು ಹಾಳಾಗತೊಡಗಿತು. ಐದು ನಿಮಿಷ ಮಾತಾಡಿದರೆ ದನಿ ಮೂಗಿನೊಳಕ್ಕೆ ಹೊಕ್ಕು, ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಅಕ್ಕ ಫೋನಿನಲ್ಲಿ, "ಯಾಕ ಮೂಗಿನ್ಯಾಗ ಮಾತಾಡಾಕತ್ತಿ? ನೆಗಡಿ ಆಗೇದೇನು? ಕಷಾಯ ಕುಡಿ," ಎನ್ನುತ್ತಿದ್ದಳು. ಮೂರನೆಯ ಸಲ ಅವಳು, "ನೀ ಹೇಳೂದು ಏನೂ ತಿಳೀವಲ್ದು, ಆಮ್ಯಾಲೆ ಮಾಡ್ತೀನಿ," ಎಂದು ಇಟ್ಟಳು. ನನಗಾದರೂ ಮಾತಾಡುವುದು ಕಷ್ಟ. ಹೀಗೆ ಆ ಫೋನೂ ಅಪರೂಪವಾಯಿತು.

ಉತ್ತರಾಯಣದ ಗಾಳಿಪಟ ಹಬ್ಬದ ಮರುವಾರ ಮಕ್ಕಳು ತಾರಸಿಯಿಂದ ಹರಿದ ಗಾಳಿಪಟಗಳನ್ನು ರಾಶಿ ತಂದಿದ್ದರು. ರೆಕ್ಕೆ ಮಾಡೋಣ ಎಂದಿದ್ದೆ. ಆರೂವರೆಯ ಹೊತ್ತಿಗೆ ನನ್ನ ಎರಡೂ ರೆಪ್ಪೆ ಇಳಿದಿದ್ದವು, ಮಾತು ತೊದಲುತ್ತಿತ್ತು. ಗೋಡೆಗೆ ಒರಗಿ ಕೂತೆ. ಮಗನನ್ನು ಕರೆದುಕೊಂಡು ಹೋಗಲು ಬಂದ ಒಬ್ಬ ತಾಯಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಹುಡುಗನ ಕೈ ಹಿಡಿದು ಎಳೆದೊಯ್ದಳು. ಅವನ ಒಂದು ರೆಕ್ಕೆ ಇನ್ನೂ ಅಂಟಿರಲಿಲ್ಲ.

ಮುಂದಿನ ಭಾನುವಾರ ಪ್ರಹ್ಲಾದ ಚಹಾದ ಲೋಟ ಕೈಯಲ್ಲಿ ತಿರುವುತ್ತಾ ಕೂತಿದ್ದರು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನಿದ್ದಿ ಗುಳಗಿ ಏನರ ಜಾಸ್ತಿ ತಗೊಳ್ಳಾಕತ್ತೀಯೇನು?"

"ಯಾರು ಹೇಳಿದ್ರು ನಿಮಗ?"

"ಬಿಲ್ಡಿಂಗ್ ಸೆಕ್ರೆಟರಿ ಫೋನ್ ಮಾಡಿದ್ರು." ಲೋಟ ಕೆಳಗಿಟ್ಟು, "ಅವರು ಗುಳಗಿ ಅನ್ನಲಿಲ್ಲ. ಬ್ಯಾರೇನೋ ಅಂದ್ರು," ಎಂದರು.

ಇಲ್ಲಿ ಮದ್ಯ ನಿಷೇಧ. ಕುಡಿಯುವವರ ಸುದ್ದಿ ಪಿಸುಮಾತಿನಲ್ಲೇ ಓಡಾಡುತ್ತದೆ, ಪಿಸುಮಾತಾದ್ದರಿಂದ ಬೇಗ ಓಡಾಡುತ್ತದೆ. ಸಂಜೆ ಹೊತ್ತು, ಇಳಿದ ಕಣ್ಣು, ತೊದಲುವ ಮಾತು, ಊರಲ್ಲಿಲ್ಲದ ಗಂಡ. ನಮ್ಮ ಕಟ್ಟಡದವರಿಗೆ ಲೆಕ್ಕ ಸುಲಭವಾಗಿ ಕೂಡಿತ್ತು. ಗಂಡ ಅದನ್ನು ನಂಬಿರಲಿಲ್ಲ. ಆದರೆ ಕೇಳಿದರು. ಸಿಟ್ಟು ಬಂದು ಕೂಗಲು ಹೋದೆ. ಬಂದದ್ದು ಮೂಗಿನ ಒಂದು ಗೊರಗೊರ ಸದ್ದು. ಅದನ್ನು ಕೇಳಿ ನಾನೇ ಹೆದರಿ ಸುಮ್ಮನಾದೆ.

ಕೋಣೆಯ ಬೀಗದ ಕೈಯನ್ನು ವಾಚ್‌ಮನ್ ಬಂದು ಇಸಿದುಕೊಂಡು ಹೋದ. ರಿಪೇರಿ ಇದೆ ಎಂದು ಹೇಳಿದ. ಆ ಮೇಲೆ ಲಿಫ್ಟಿನಲ್ಲಿ ಮಕ್ಕಳು ನನ್ನನ್ನು ಕಂಡು "ಟೀಚರ್" ಎನ್ನುವಷ್ಟರಲ್ಲಿ ತಾಯಂದಿರು ಅವರ ಹೆಗಲ ಮೇಲೆ ಕೈ ಇಡುತ್ತಿದ್ದರು. ಶನಿವಾರ ಐದು ಗಂಟೆಗೆ ಬಾಲ್ಕನಿಯಲ್ಲಿ ಕೂತು ಕೆಳಗೆ ಆಡುವವರ ಸದ್ದು ಕೇಳುತ್ತಿದ್ದೆ. ಆ ಹೊತ್ತಿಗೆ ನನಗೆ ಒಂದು ಎರಡಾಗಿ ಕಾಣುತ್ತಿತ್ತು, ಒಬ್ಬ ಹುಡುಗ ಇಬ್ಬರಾಗಿ ಓಡುತ್ತಿದ್ದ. ಯಾರಿಗಾದರೂ ಹೇಳಬೇಕೆನಿಸುತ್ತಿತ್ತು, ಆದರೆ ಹೇಳಿದರೆ ಅದಕ್ಕೂ ಒಂದೇ ಅರ್ಥ ಹಚ್ಚುತ್ತಾರೆ ಎಂದು ಹೇಳಲಿಲ್ಲ. ಮನೆಯಲ್ಲಿ ಮೇಘಾ ಕೂಡ ಊಟದ ತಟ್ಟೆಯನ್ನು ತನ್ನ ಕೋಣೆಗೆ ಒಯ್ಯತೊಡಗಿದ್ದಳು. ಪರೀಕ್ಷೆಯ ಒತ್ತಡ ಎಂದುಕೊಂಡೆ.

ಫೆಬ್ರುವರಿಯ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಸಾರನ್ನ ನುಂಗಲು ಹೋದರೆ ಮೂಗಿನಿಂದ ಹೊರಬಂತು. ಕೆಮ್ಮಲು ಹೋದರೆ ಕೆಮ್ಮುವ ಶಕ್ತಿಯಿರಲಿಲ್ಲ. ಉಸಿರು ಎದೆಯ ಮೇಲ್ಭಾಗದಲ್ಲೇ ಚೂರುಚೂರು ಆಡುತ್ತಿತ್ತು. ಓದಿನ ರಜೆಯಲ್ಲಿ ಮೇಘಾ ಮನೆಯಲ್ಲಿದ್ದಳು. ಬಾಗಿಲು ಬಡಿದೆ. ತೆರೆದವಳು, "ಅಬ್ ಕ್ಯಾ ಹುವಾ?" ಎಂದಳು. ನನಗೆ ಮಾತು ಹೊರಡಲಿಲ್ಲ. ಅವಳ ಮೇಜಿನ ಮೇಲಿದ್ದ ಪೆನ್ನು ಎಳೆದುಕೊಂಡು ನೋಟ್‌ಬುಕ್ಕಿನ ಮೇಲೆ ಬರೆದೆ: ಉಸಿರು ಆಡ್ತಿಲ್ಲ.

ಅವಳು ಹಾಳೆಯನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಹಾಳೆ ನೋಡಿದಳು. ಆಗ ನೆನಪಾಯಿತು, ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಬೇಸಿಗೆಯಲ್ಲಿ ಕಲಿಸೋಣ, ಮುಂದಿನ ಬೇಸಿಗೆಯಲ್ಲಿ ಕಲಿಸೋಣ ಎಂದು ಬಿಟ್ಟಿದ್ದೆ. ಕೆಳಗೆ ಹಿಂದಿಯಲ್ಲಿ "ಸಾಂಸ್" ಎಂದು ಬರೆಯುವಷ್ಟರಲ್ಲಿ ಬೆರಳುಗಳು ಪೆನ್ನು ಬಿಟ್ಟವು. ಆದರೆ ಅವಳು ಓದಿದಳು. ಚಪ್ಪಲಿ ಹಾಕದೆ ಓಡಿ, ಎದುರಿನ ಮನೆಯ ಹೇತಲ್‌ಬೆನ್‌ಳನ್ನು ಕರೆತಂದಳು. ಹೇತಲ್‌ಬೆನ್ ಧ್ವನಿಯ ತಾಯಿ. ಒಂದು ತಿಂಗಳಿನಿಂದ ನನ್ನನ್ನು ಮಾತಾಡಿಸಿರಲಿಲ್ಲ. ನನ್ನ ಮುಖ ನೋಡಿದವಳು ಒಂದೂ ಪ್ರಶ್ನೆ ಕೇಳದೆ ಕಾರಿನ ಕೀ ತಂದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ಒಬ್ಬ ತರುಣ ಡಾಕ್ಟರು ಬಂದು ನನ್ನ ರೆಪ್ಪೆಗಳನ್ನು ಬಹಳ ಹೊತ್ತು ನೋಡಿದರು. "ಬೆಳಿಗ್ಗೆ ಸರಿಯಿರುತ್ತೆ, ಸಂಜೆ ಬೀಳುತ್ತೆ, ಹೌದಾ?" ಎಂದರು. ನಾನು ತಲೆಯಾಡಿಸಿದೆ. ಅವರು ಕೈಗವಸಿನೊಳಗೆ ಮಂಜುಗಡ್ಡೆ ತುಂಬಿಸಿ ಎಡಗಣ್ಣಿನ ಮೇಲೆ ಎರಡು ನಿಮಿಷ ಇಡಿಸಿದರು. ತೆಗೆದಾಗ ರೆಪ್ಪೆ ಎದ್ದು ನಿಂತಿತ್ತು. ಹೇತಲ್‌ಬೆನ್ "ಅರೆ!" ಎಂದಳು. ಕೂಡಲೇ ನಾನು ಅಳತೊಡಗಿದೆ. ಗುಣವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆದರೆ ಇದು ನನ್ನ ಮನಸ್ಸಿನದಲ್ಲ, ನನ್ನ ನಡತೆಯದಲ್ಲ, ಮಂಜುಗಡ್ಡೆಗೆ ಉತ್ತರಿಸುವಂಥದ್ದು ಎಂದು ಡಾಕ್ಟರ ಮತ್ತು ಹೇತಲ್‌ಬೆನ್‌ಳ ಎದುರು ಸಾಬೀತಾಗಿತ್ತು. ಡಾಕ್ಟರು ಅದರ ಹೆಸರನ್ನೂ ಹೇಳಿದರು: ಮಯಸ್ತೀನಿಯಾ ಗ್ರೇವಿಸ್. ಸಮಾಧಾನ ಅರ್ಧ ಗಂಟೆಯೂ ಉಳಿಯಲಿಲ್ಲ. ಉಸಿರು ಮತ್ತೆ ಕೆಳಗಿಳಿಯಿತು, ಗಂಟಲಿಗೆ ನಳಿಗೆ ಇಳಿಸಿದರು.

ಐಸಿಯುವಿನ ಆ ಒಂಬತ್ತು ದಿನಗಳ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಮೊದಲ ದಿನದ ಮಂಪರು ಇಳಿದ ಮೇಲೆ ನಾನು ಬಹುಪಾಲು ಎಚ್ಚರವಾಗಿದ್ದೆ. ರೆಪ್ಪೆ ಎತ್ತಲು ಆಗದ್ದರಿಂದ ಎಲ್ಲರೂ ನಿದ್ದೆಯಲ್ಲಿದ್ದೇನೆ ಎಂದುಕೊಂಡಿದ್ದರು. ನನ್ನ ಮೇಲಿನಿಂದ ಊಟದ ಮಾತು, ರಜೆಯ ಮಾತು ಹಾದುಹೋಗುತ್ತಿತ್ತು. ಪ್ರಹ್ಲಾದ ಬಂದು, ನಿದ್ದೆ ಕೆಡಿಸಬಾರದೆಂದು ಮೆಲ್ಲಗೆ ನಿಂತು, ಮೆಲ್ಲಗೆ ಹೋಗುತ್ತಿದ್ದರು. ಅವರ ಬೂಟಿನ ಸದ್ದು ದೂರವಾಗುವುದನ್ನು ಕೇಳುತ್ತಾ ಒಳಗೆ ಕೂಗುತ್ತಿದ್ದೆ. ಮೂರನೆಯ ದಿನ ಒಬ್ಬ ಸಿಸ್ಟರ್ ನನ್ನ ಕಾಲಿನ ಹೆಬ್ಬೆರಳು ಅಲುಗಾಡಿದ್ದನ್ನು ಗಮನಿಸಿದಳು. ಅಂದಿನಿಂದ ಭೇಟಿಯ ಹೊತ್ತಿಗೆ ಬಂದು, ಎರಡು ಬೆರಳಿನಿಂದ ನನ್ನ ರೆಪ್ಪೆಯನ್ನು ಎತ್ತಿ ಹಿಡಿದು, "ನೋಡಿ, ನಿಮ್ಮೋರು ಬಂದಿದ್ದಾರೆ," ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು. ಅವಳ ಬೆರಳು ನೋಯುವವರೆಗೆ ನಾನು ಗಂಡನ ಮುಖ ನೋಡುತ್ತಿದ್ದೆ. ಅವರು ಗಡ್ಡ ಬೋಳಿಸಿರಲಿಲ್ಲ. ಮೊದಲ ಸಲ ಕಣ್ಣು ಕೂಡಿದಾಗ, "ನಾ ಹಂಗ ಕೇಳಬಾರದಿತ್ತು," ಎಂದರು. ಉತ್ತರ ಕೊಡಲು ನನ್ನಲ್ಲಿದ್ದದ್ದು ಹೆಬ್ಬೆರಳೊಂದೇ.

ಮೇಘಾ ಬರಲಿಲ್ಲ. ಪರೀಕ್ಷೆ ನಡೆಯುತ್ತಿತ್ತು, ನಿಜ. ಆದರೆ ಪರೀಕ್ಷೆಗಳ ನಡುವೆ ದಿನಗಳಿದ್ದವು. "ಆಕಿ ಬರೂದಿಲ್ಲ ಅಂತಾಳ," ಎಂದರು ಪ್ರಹ್ಲಾದ, ಬೇರೆಲ್ಲೋ ನೋಡುತ್ತಾ.

ಮನೆಗೆ ಬಂದ ಮೇಲೆ ನಾಲ್ಕು ತಾಸಿಗೊಮ್ಮೆ ಗುಳಿಗೆ, ಅದರ ನಡುವೆ ಮೆತ್ತಗಿನ ಊಟ. ಎರಡೆರಡು ಕಾಣುವುದು ನಿಲ್ಲಲಿ ಎಂದು ಚಷ್ಮಾದ ಎಡಗಾಜಿಗೆ ಬಿಳಿ ಪ್ಲಾಸ್ಟರು ಅಂಟಿಸಿದ್ದರು. ಗಂಡನ ರಜೆ ಮುಗಿಯಿತು, ಅವರು ಸೂರತ್‌ಗೆ ಮರಳಿದರು. ಕಟ್ಟಡದವರು ಹಣ್ಣು ಕಳಿಸಿದರು. ಹಣ್ಣು ಕಳಿಸಿದವರು ಯಾರೂ ಹಿಂದಿನ ಮಾತು ಎತ್ತಲಿಲ್ಲ. ನನ್ನೊಂದಿಗೆ ಕೂತುಕೊಳ್ಳಲೂ ಇಲ್ಲ, ಯಾಕೆಂದರೆ ಏನು ಮಾತಾಡುವುದು? ಸಂಜೆ ನಾಲ್ಕಾದರೆ ಪರದೆ ಎಳೆದು ಕೂರುವುದು ರೂಢಿಯಾಯಿತು.

ಏಪ್ರಿಲಿನಲ್ಲಿ ಹೇತಲ್‌ಬೆನ್ ಧ್ವನಿಯನ್ನು ಕರೆದುಕೊಂಡು ಬಂದಳು. ಹುಡುಗಿ ನನ್ನ ಬಿಳಿ ಪ್ಲಾಸ್ಟರನ್ನು ನೋಡಿ ಮುಖ ಸಿಂಡರಿಸಿದಳು.

"ಟೀಚರ್, ಯೇ ತೊ ಬೋರಿಂಗ್ ಹೈ."

"ಹೌದು," ಎಂದೆ. ಯಾರೂ ಅದನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ, ನನ್ನ ಗುಳಿಗೆಯ ಬಲ ಇರುವ ಹೊತ್ತಿಗೆ, ಅವಳು ಇನ್ನಿಬ್ಬರು ಹುಡುಗಿಯರೊಂದಿಗೆ ನಮ್ಮ ಹಾಲ್‌ನಲ್ಲಿ ಬಂದು ಕೂತಳು. ಮೊದಲು ಹನ್ನೆರಡು ಮಕ್ಕಳು ಬರುತ್ತಿದ್ದರು, ಈಗ ಮೂವರು. ನಾನು ಕತ್ತರಿ ಹಿಡಿಯುವಂತಿರಲಿಲ್ಲ. ಹೇಳಿಕೊಡುತ್ತಾ ಹೋದೆ. ಕಾಲು ಗಂಟೆಗೆ ದನಿ ಮೂಗಿಗೆ ಹೋಯಿತು, ನಿಲ್ಲಿಸಿದೆ. ಅವರು ತಲೆಯೆತ್ತಿ ನೋಡಿದರು, "ಬ್ಯಾಟರಿ ಖತಂ," ಎಂದಳು ಧ್ವನಿ, ಮತ್ತೆ ಕೆಲಸಕ್ಕೆ ಬಗ್ಗಿದರು. ಅಷ್ಟೆ. ಯಾರೂ ಪಿಸುಗುಡಲಿಲ್ಲ. ಸುಮ್ಮನೆ ಕೂತು ನೋಡುತ್ತಿರುವಾಗ ಒಂದು ಸಂಗತಿ ಗಮನಕ್ಕೆ ಬಂತು. ಇಷ್ಟು ವರ್ಷ ಅವರ ಅಂಚುಗಳನ್ನೆಲ್ಲ ನಾನೇ ನೇರ ಮಾಡಿಬಿಡುತ್ತಿದ್ದೆ. ಈಗ ಎಲ್ಲವೂ ಸೊಟ್ಟ, ಎಲ್ಲವೂ ಅವರದೇ.

ಆ ಬೆಳಿಗ್ಗೆ ನನ್ನ ಚಷ್ಮಾಗೆ ನಾಲ್ಕು ಪಟ್ಟಿಗಳಾದವು. ಒಂದು ಕಲ್ಲಂಗಡಿಯ ಹೋಳು. ಒಂದು ಅರ್ಧ ಎಳೆದ ಅಂಗಡಿಯ ಶಟರು. ಒಂದು ಕನ್ನಡಿಕಸೂತಿಯದು, ಎದುರಿಗೆ ನಿಂತವರಿಗೆ ಅವರದೇ ಮೂಗು ಕಾಣುವಂಥದ್ದು. ಧ್ವನಿ ಮಾಡಿದ್ದು ಗುಲಾಬಿ ಬಣ್ಣದ ಗಾಳಿಪಟ. ಅದರ ಬಾಲಂಗೋಚಿ ನನ್ನ ಕೆನ್ನೆಯ ಮೇಲಿಳಿದು ಗದ್ದದ ಕೆಳಗೆ ತೂಗಾಡುತ್ತಿತ್ತು. ಹೊರಗೆ ಹೋಗುವಾಗ ಇದನ್ನೇ ಹಾಕಬೇಕು, ಕೇಳಿದವರಿಗೆ ತಾನು ಯಾರೆಂದು ಹೇಳಬೇಕು ಎಂದು ನನ್ನದೇ ನಿಯಮವನ್ನು ನನಗೆ ಹೇಳಿದಳು.

ಇದೆಲ್ಲ ಆಗಿ ಮೂರು ವರ್ಷ. ಅಹಮದಾಬಾದಿನಲ್ಲಿ ಆಪರೇಷನ್ ಆಯಿತು, ಎದೆಯ ಮೂಳೆಯ ಹಿಂದಿನ ಒಂದು ಗ್ರಂಥಿಯನ್ನು ತೆಗೆದರು. ಈಗ ಹತ್ತರಲ್ಲಿ ಏಳು ದಿನ ಚೆನ್ನಾಗಿರುತ್ತೇನೆ. ಉಳಿದ ಮೂರು ದಿನ ಪರದೆ ಎಳೆಯುತ್ತೇನೆ. ಕೆಳಗಿನ ಕೋಣೆ ಮರಳಿ ಸಿಗಲಿಲ್ಲ, ನಾನು ಕೇಳಲೂ ಇಲ್ಲ. ಹಾಲ್‌ಗೆ ಐದಾರು ಮಕ್ಕಳು ಬರುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಸಂಜೆಯ ಮುಖ ಒಂದು, ಬೆಳಗಿನ ಮುಖ ಇನ್ನೊಂದು ಆಗಿದ್ದರೆ, ಸಂಜೆ ಒಂದು ಫೋಟೋ ತೆಗೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ನನಗೆ ಆ ಬುದ್ಧಿ ಬರಲಿಲ್ಲ, ಮನೆಯಲ್ಲಿ ಯಾರೂ ನನ್ನ ಫೋಟೋ ತೆಗೆಯುತ್ತಲೂ ಇರಲಿಲ್ಲ.

ಆಪರೇಷನ್ನಿಗೆ ದಿನ ಗೊತ್ತುಮಾಡಲು ಅಹಮದಾಬಾದಿಗೆ ಹೋದ ದಿನವೊಂದನ್ನು ಹೇಳಿ ಮುಗಿಸುತ್ತೇನೆ. ಪ್ರಹ್ಲಾದರಿಗೆ ರಜೆ ಸಿಗಲಿಲ್ಲ, ಮೇಘಾ ಜತೆಗೆ ಬಂದಳು. ಪರೀಕ್ಷೆ ಮುಗಿದಿತ್ತು. ನನ್ನ ಕಣ್ಣಿನ ಮೇಲೆ ಧ್ವನಿಯ ಗಾಳಿಪಟವಿತ್ತು. ರೈಲಿನಲ್ಲಿ ಜನ ನೋಡಿದರು. ಸ್ಟೇಷನ್ನಿನಲ್ಲಿ ಮೇಘಾ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೋಡಕ್‌ದೇವ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ನಮ್ಮ ಮುಂದೆ ಹದಿನೇಳು ಜನರಿದ್ದರು. ಅವಳು ಒಂದು ಕುರ್ಚಿ ಬಿಟ್ಟು ಕೂತು ಮೊಬೈಲು ತೆಗೆದಳು.

ಎದುರಿಗೆ ಐವತ್ತು ದಾಟಿದ ಗಂಡಹೆಂಡಿರು ಕೂತಿದ್ದರು. ಗಂಡನ ಎರಡೂ ರೆಪ್ಪೆ ಇಳಿದಿದ್ದವು, ಗದ್ದವನ್ನು ಮೇಲೆತ್ತಿ ಸಂದಿಯಿಂದ ನೋಡುತ್ತಿದ್ದರು. ನಾನು ಕೂಡ ಹಾಗೆ ನೋಡಿದವಳು, ಗುರುತು ಹತ್ತಿತು. ಹೆಂಡತಿ ಅವರ ಮೊಣಕೈ ಚುಚ್ಚುತ್ತಿದ್ದಳು. "ಜರಾ ಆಂಖ್ ಖೋಲೀನೆ ಬೇಸೋ ನೆ, ಹಮಣಾಂ ನಂಬರ್ ಆವ್ಶೆ." ಸ್ವಲ್ಪ ಕಣ್ಣು ತೆರೆದು ಕೂತುಕೊಳ್ಳಿ, ಈಗ ನಂಬರು ಬರುತ್ತದೆ. ಎರಡು ಸಲ ಹೇಳಿದಳು. ಮೂರನೆಯ ಸಲ ಸುತ್ತಲಿನವರಿಗೆ ಕೇಳುವಂತೆ, ಮನೆಯಲ್ಲೂ ಹೀಗೇ, ಕೆಲಸ ಹೇಳಿದರೆ ಕಣ್ಣು ಮುಚ್ಚುತ್ತಾರೆ ಎಂದಳು. ಒಂದಿಬ್ಬರು ನಕ್ಕರು. ಆ ಮನುಷ್ಯ ಬೆರಳಿನಿಂದ ಒಂದು ರೆಪ್ಪೆ ಎತ್ತಿ ಹಿಡಿದುಕೊಂಡರು.

ಮೇಘಾ ಮೊಬೈಲು ಕೆಳಗಿಟ್ಟಳು.

"ಆಂಟಿ," ಎಂದಳು. "ಅಂಕಲ್ ಜಾಣೀನೆ ನಥೀ ಕರ್ತಾ." ಅವರು ಬೇಕಂತ ಮಾಡುತ್ತಿಲ್ಲ. "ಮಾರೀ ಮಮ್ಮೀನೆ ಪಣ್ ಆಜ್ ಛೆ." ನಮ್ಮಮ್ಮನಿಗೂ ಇದೇ ಇದೆ.

ಆ ಹೆಂಗಸು ನನ್ನ ಗಾಳಿಪಟವನ್ನು, ಅದರ ಬಾಲವನ್ನು ನೋಡಿದಳು. ಗಂಡನ ಕೈಯನ್ನು ರೆಪ್ಪೆಯಿಂದ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

ಮೇಘಾ ಎದ್ದು ನನ್ನ ಪಕ್ಕದ ಕುರ್ಚಿಗೆ ಬಂದಳು. ತನಗೆ ಬರುವ ಕನ್ನಡದಲ್ಲಿ ಹೇಳಿದಳು.

"ಅಮ್ಮಾ, ನಾನು ಭೀ ಹಂಗ ಸೋಚ್ ಮಾಡಿದ್ದೆ. ನೀ ನಾಟಕ ಮಾಡಾಕತ್ತಿ ಅಂತ. ಪಪ್ಪಾ ಸೂರತ್ ಹೋದ್ರಲ್ಲಾ, ಅದಕ್ಕ. ಬಿಲ್ಡಿಂಗ್‌ದಾಗ ಎಲ್ಲಾರೂ ನೀ ಕುಡೀತಿ ಅಂತಿದ್ರು, ನಾ ಯಾರಿಗೂ ನೋ ಅನ್ನಲಿಲ್ಲ. ಹಾಸ್ಪಿಟಲ್‌ಗೆ ಅದಕ್ಕ ಬರಲಿಲ್ಲ. ನಿನ್ನ ಮುಖ ನೋಡಾಕ ಶರಮ್ ಆಗ್ತಿತ್ತು."

ಆ ಕಟ್ಟಡದ ಎಲ್ಲರನ್ನೂ ಒಂದಲ್ಲ ಒಂದು ಸಂಜೆ ಮನಸ್ಸಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು ಜಗಳವಾಡಿದ್ದೆ. ಆ ಸಾಲಿನಲ್ಲಿ ಮಗಳು ಇದ್ದಾಳೆಂದು ಎಣಿಸಿರಲಿಲ್ಲ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹದಿನೈದು ವರ್ಷದ ಹುಡುಗಿ ಇದನ್ನು ಮೂರು ತಿಂಗಳು ಒಬ್ಬಳೇ ಹೊತ್ತುಕೊಂಡು, ಪರೀಕ್ಷೆಗಳನ್ನು ಬರೆದು, ಬಾಗಿಲು ಮುಚ್ಚಿಕೊಂಡು ಕೂತಿದ್ದಳು ಎಂಬುದೂ ಆ ಕ್ಷಣವೇ ತಿಳಿಯಿತು. ನಮ್ಮ ಮನೆಯಲ್ಲಿ ಒಂಟಿಯಾಗಿದ್ದದ್ದು ನಾನೊಬ್ಬಳೇ ಅಲ್ಲ.

ನಾನು ಅವಳ ಕಡೆ ತಿರುಗಿ ನಕ್ಕೆ. ಆಗಿನ್ನೂ ನನ್ನ ಮುಖದ ಸ್ನಾಯುಗಳು ಸರಿಯಾಗಿ ಮಾತು ಕೇಳುತ್ತಿರಲಿಲ್ಲ. ತುಟಿಯ ಎರಡು ಕೊನೆಗಳು ಮೇಲೇಳದೆ ನಡುತುಟಿ ಮಾತ್ರ ಎದ್ದು ಹಲ್ಲು ಕಾಣುತ್ತಿತ್ತು. ನೋಡಿದವರಿಗೆ ಅದು ಗದರಲು ಹೊರಟ ಮುಖ. ಮೇಘಾ ಹಿಂದೆ ಸರಿದಳು, ಕಣ್ಣು ತುಂಬಿಕೊಂಡವು.

"ಸಿಟ್ಟ್ ಬಂತಾ?"

"ಇಲ್ಲವ್ವಾ," ಎಂದೆ. "ನಗಾಕತ್ತೀನಿ."

ಅವಳು ಹತ್ತಿರ ಬಂದಳು. ಕೆನ್ನೆಯ ಮೇಲಿನ ಬಾಲಂಗೋಚಿಯನ್ನು ಪಕ್ಕಕ್ಕೆ ಸರಿಸಿ ನನ್ನ ಬಾಯನ್ನು ದಿಟ್ಟಿಸಿ ನೋಡಿದಳು.

"ಇದು ನಗೂದಾ?"

"ಸದ್ಯಕ್ಕ ಇಷ್ಟೇ," ಎಂದೆ.